ಮನೆಯ ಕಡತಕ್ಕೂ ಗೇಣಿಯೇ?

ಕೆಲವು ವಾರಗಳಿಂದ ನಮ್ಮ ಕಚೇರಿಗೆ ಬರುವ ಮಿತ್ರರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿದ್ದಾರೆ. ಜವಳಿ ಅಂಗಡಿಯವರೊಬ್ಬರು ಹೇಳಿದರು: "ಸ್ವಾಮಿ, ಲೆಕ್ಕಪತ್ರವೆಲ್ಲ ಮೂರು ಫೋನು, ಒಂದು ಕಂಪ್ಯೂಟರು, ಮಗನ ಪೆನ್‌ಡ್ರೈವು ಅಂತ ಹಂಚಿಹೋಗಿದೆ. ಮನೆಯ ಹಳೆಯ ಕಂಪ್ಯೂಟರನ್ನೇ ಒಂದು ಮೂಲೆಯಲ್ಲಿ ಕೂರಿಸಿ ಎಲ್ಲವನ್ನೂ ಅದರಲ್ಲಿ ಇಡೋಣವೆಂದಿದ್ದೇನೆ. ಪೇಟೆಯವನು ವಿಂಡೋಸ್ ಹಾಕಿಕೊಡುತ್ತೇನೆ ಅನ್ನುತ್ತಾನೆ. ಹಾಕಿಸಲೇ?" ನೂಲು ಖಾತೆಯ ಕಾರ್ಮಿಕ ಬಂಧುವೊಬ್ಬರದು ಇನ್ನೊಂದು ಬಗೆ: "ಮಗಳ ಮದುವೆಯ ಫೋಟೋ, ಪಿ.ಎಫ್. ಕಾಗದ, ಊರಿನ ಪಹಣಿ ಎಲ್ಲ ಫೋನಿನಲ್ಲಿದೆ. ಗೂಗಲ್ಲಿನಲ್ಲಿ ಜಾಗ ತುಂಬಿತಂತೆ, ತಿಂಗಳಿಗಿಷ್ಟು ಕಟ್ಟಬೇಕಂತೆ. ಕಟ್ಟಲೇ?"

ಅವರು ಹಾಕಿಸಬಾರದು, ಇವರು ಕಟ್ಟಬಾರದು ಎಂಬುದೇ ನಮ್ಮ ಉತ್ತರ. ಆದರೆ ಕಾರಣ ಕೊಡದೆ ಉತ್ತರ ಕೊಡುವುದು ದಣಿಗಳ ಪದ್ಧತಿ. ಆದುದರಿಂದ ಈ ವಾರ ನಮ್ಮ ಪತ್ರಿಕೆಯ ಜಾಗವನ್ನು ಈ ವಿಷಯಕ್ಕೆ ಬಿಟ್ಟಿದ್ದೇವೆ. ಕೂಲಿ, ಬೋನಸ್ಸು, ತೆರಿಗೆಯ ಮಾತು ಬರೆಯುವ ಪತ್ರಿಕೆಗೆ ಕಂಪ್ಯೂಟರಿನ ಹೊಟ್ಟೆಯೊಳಗಿನ ವಿಚಾರವೇಕೆ ಎಂದು ಹುಬ್ಬೇರಿಸುವವರು ತುಸು ತಾಳಬೇಕು. ಇದು ಒಡೆತನದ ಪ್ರಶ್ನೆ.

ಆಪರೇಟಿಂಗ್ ಸಿಸ್ಟಂ ಎಂದರೆ ಏನು? ಗಿರಣಿಯವರಿಗೆ ತಿಳಿಯುವಂತೆ ಹೇಳಬೇಕಾದರೆ ಅದು ಯಂತ್ರದ ಜಾಬರ್, ಮೇಸ್ತ್ರಿ. ಯಾವ ಕಡತ ಎಲ್ಲಿ ಕೂರಬೇಕು, ಯಾರು ಒಳಗೆ ಬರಬಹುದು, ಯಾರು ಬಾಗಿಲಲ್ಲೇ ನಿಲ್ಲಬೇಕು ಎಂಬುದೆಲ್ಲ ಅವನ ಕೈಯಲ್ಲಿ. ಯಂತ್ರಕ್ಕೆ ದುಡ್ಡು ಕೊಟ್ಟವರು ನೀವೇ, ಕರೆಂಟು ಬಿಲ್ಲು ಕಟ್ಟುವವರು ನೀವೇ. ಆದರೆ ಮೇಸ್ತ್ರಿ ಇನ್ನೊಬ್ಬನ ಆಳಾಗಿದ್ದರೆ ಯಂತ್ರ ನಿಮ್ಮದೆಂಬ ಮಾತಿಗೆ ಏನು ಬೆಲೆ? ಗಿರಣಿಯಲ್ಲಿ ಇಪ್ಪತ್ತು ವರ್ಷ ದುಡಿದವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಬ್ಬನ ಮೇಸ್ತ್ರಿ ಹೇಗೆ ನಡೆದುಕೊಳ್ಳುತ್ತಾನೆಂಬುದಕ್ಕೆ ದಾಖಲೆಯಿದೆ. ಮನೆಯ ಕಡತಗಳಿಗಾಗಿಯೇ ಮೈಕ್ರೋಸಾಫ್ಟ್ ಕಂಪನಿ 2007ರಲ್ಲಿ ವಿಂಡೋಸ್ ಹೋಂ ಸರ್ವರ್ ಎಂಬುದನ್ನು ಹೊರತಂದಿತು. ಕಡತವನ್ನು ಕಾಯಲೆಂದೇ ಹುಟ್ಟಿದ ಸರಕು ಅದು. ಅದೇ ವರ್ಷದ ಕೊನೆಗೆ ಬಯಲಾದದ್ದೇನೆಂದರೆ, ಅದರಲ್ಲಿಟ್ಟ ಕಡತಗಳನ್ನು ಕೆಲವು ತಂತ್ರಾಂಶಗಳಿಂದ ತೆರೆದು ತಿದ್ದಿದರೆ ಅವು ಕೆಟ್ಟುಹೋಗುತ್ತಿದ್ದವು. ಕಾವಲುಗಾರನೇ ಕಣಜಕ್ಕೆ ಕನ್ನ ಹಾಕಿದಂತಾಯಿತು. ಪರಿಹಾರ ಬಂದದ್ದು 2008ರ ಜುಲೈನಲ್ಲಿ. ಆಮೇಲೆ 2011ರ ಹೊಸ ಆವೃತ್ತಿಯಲ್ಲಿ, ಹಲವು ಡಿಸ್ಕುಗಳನ್ನು ಒಂದೇ ಉಗ್ರಾಣದಂತೆ ಬಳಸುವ ಅನುಕೂಲವನ್ನೇ ಕಿತ್ತುಹಾಕಿದರು. ಎಷ್ಟೋ ಮಂದಿ ಅದನ್ನು ಕೊಂಡದ್ದೇ ಆ ಅನುಕೂಲಕ್ಕಾಗಿ. ಮುಂದೆ ಆ ಸರಕನ್ನೇ ಕೈಬಿಟ್ಟು, 2016ರ ಏಪ್ರಿಲ್‌ಗೆ ಅದರ ಆರೈಕೆಯನ್ನು ಮುಗಿಸಿದರು. ಕೊಂಡವರನ್ನು ಯಾರೂ ಕೇಳಲಿಲ್ಲ.

ಅದು ಹಳೆಯ ಕಥೆ ಎನ್ನುವಿರಾದರೆ ಹೊಸದನ್ನೇ ನೋಡೋಣ. ವಿಂಡೋಸ್ 10ಕ್ಕೆ ಉಚಿತ ಆರೈಕೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಚಿಪ್ಪು ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನ ಪ್ರೊಸೆಸರೋ ಅದಕ್ಕಿಂತ ಹೊಸದೋ ಇರಬೇಕು. ಆ ಎಂಟನೆಯ ತಲೆಮಾರು ಪೇಟೆಗೆ ಬಂದದ್ದೇ 2017ರಲ್ಲಿ. ಅಂದರೆ 2016ರಲ್ಲಿ ಸಾಲ ಮಾಡಿ ಕೊಂಡ, ಇಂದಿಗೂ ಗಡಿಯಾರದಂತೆ ನಡೆಯುವ ಯಂತ್ರ ಒಂದು ದಿನಾಂಕದಂದು ಗುಜರಿಯಾಯಿತು! ಕಬ್ಬಿಣ ಸವೆದಿಲ್ಲ, ತಂತಿ ಸುಟ್ಟಿಲ್ಲ, ಮೇಸ್ತ್ರಿ ಮಾತ್ರ "ನಾಳೆಯಿಂದ ಬರುವುದಿಲ್ಲ" ಎಂದ. ಇನ್ನೊಂದು ವರ್ಷದ ವಾಯಿದೆ ಬೇಕಾದವರು 30 ಡಾಲರ್ ತೆರಬೇಕು, ಇಲ್ಲವೇ ನಿಮ್ಮ ಯಂತ್ರದ ಸಂಗತಿಗಳನ್ನು ಕಂಪನಿಯ ಖಾತೆಗೆ ಜೋಡಿಸಬೇಕು ಎಂಬ ಷರತ್ತನ್ನು ಆ ಸಂದರ್ಭದಲ್ಲಿ ಮುಂದಿಟ್ಟರು. ದುಡ್ಡು ಕೊಡು ಇಲ್ಲವೆ ತಲೆಬಾಗು ಎಂಬ ಈ ಮಾತನ್ನು ನಮ್ಮ ಹಿರಿಯರು ಜಮೀನ್ದಾರರ ಚಾವಡಿಯಲ್ಲಿ ಕೇಳಿದ್ದರು.

ಗೂಗಲ್ಲಿನ ಬಾಬತ್ತು ಇನ್ನೂ ಸರಳ. 2015ರಲ್ಲಿ ಫೋಟೋಗಳನ್ನು ಎಷ್ಟು ಬೇಕಾದರೂ ಇಡಿ, ಬಿಟ್ಟಿ ಎಂದು ಕರೆದರು. ಊರೂರಿನ ಮದುವೆ, ನಾಮಕರಣ, ತಿಥಿಯ ಚಿತ್ರಗಳೆಲ್ಲ ಅಲ್ಲಿಗೆ ಹೋದವು. 2021ರ ಜೂನ್ 1ರಿಂದ ಬಿಟ್ಟಿ ನಿಂತಿತು. 15 ಜಿಬಿ ದಾಟಿದರೆ ಬಾಡಿಗೆ. ಅಷ್ಟು ಹೊತ್ತಿಗೆ ನಿಮ್ಮ ಸಾಮಾನೆಲ್ಲ ಅವರ ಮನೆಯಲ್ಲಿ. ಹೊರಗೆ ತರಲು ದಾರಿ ಇಲ್ಲದಿಲ್ಲ. ಆದರೆ ಹತ್ತು ಸಾವಿರ ಫೋಟೋ ಇಳಿಸಿಕೊಳ್ಳಲು ಎಷ್ಟು ಮಂದಿಗೆ ಪುರುಸೊತ್ತಿದೆ, ಇಳಿಸಿದರೆ ಇಡಲು ಎಷ್ಟು ಮಂದಿಗೆ ಜಾಗವಿದೆ? ಈ ಲೆಕ್ಕ ಅವರಿಗೆ ಮೊದಲೇ ಗೊತ್ತು.

1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಗೇಣಿ ಭತ್ತ ಅಳೆಯುವ ಕೊಳಗದ ಜಗಳದಿಂದ. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆಮೇಲೆ ಇಪ್ಪತ್ತಮೂರು ವರ್ಷ ಕಾದು, 1974ರ ಭೂಸುಧಾರಣಾ ತಿದ್ದುಪಡಿಯಿಂದ ಈ ನಾಡಿನ ಗೇಣಿದಾರ ಅರ್ಜಿ ಹಾಕಿ ಹೊಲದೊಡೆಯನಾದ. ಹಾಗೆ ಹೊಲ ಪಡೆದವರ ಮೊಮ್ಮಕ್ಕಳು ಇಂದು ತಮ್ಮ ಮನೆಯ ಫೋಟೋಗಳಿಗೆ ತಿಂಗಳು ತಿಂಗಳು ಗೇಣಿ ಅಳೆಯುತ್ತಿದ್ದಾರೆ.

(ಕೊಳಗದ ಮಾತು ಬಂದುದರಿಂದ ಒಂದು ಸಂಗತಿ. 1 ಟಿಬಿ ಎಂದು ಬರೆದ ಡಿಸ್ಕನ್ನು ವಿಂಡೋಸ್ ಯಂತ್ರಕ್ಕೆ ಸಿಕ್ಕಿಸಿದರೆ 931 ಜಿಬಿ ಎಂದು ತೋರಿಸುತ್ತದೆ. ಡಿಸ್ಕು ಮಾಡುವವನು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾನೆ, ಯಂತ್ರ 1024ರ ಲೆಕ್ಕದಲ್ಲಿ ಅಳೆಯುತ್ತದೆ. ಸರಕು ಕಡಿಮೆಯಾಗಿಲ್ಲ, ಕೊಳಗ ಎರಡಿವೆ. ಅಂಗಡಿಯವನೊಡನೆ ಜಗಳಕ್ಕೆ ಹೋಗಬೇಡಿ, ಆದರೆ ಕೊಳ್ಳುವಾಗ ಜಾಗದ ಅಂದಾಜಿನಲ್ಲಿ ನೂರಕ್ಕೆ ಏಳು ಕಳೆದು ಲೆಕ್ಕ ಹಾಕಿ.)

ಇನ್ನು ಪೇಟೆಯವನು ಹಾಕಿಕೊಡುವ ವಿಂಡೋಸ್. ಅದು ನೂರಕ್ಕೆ ತೊಂಬತ್ತು ಪಾಲು ಕಳ್ಳ ಪ್ರತಿಯೆಂದು ಎಲ್ಲರಿಗೂ ಗೊತ್ತು. ಕೈಗೆ ಮುನ್ನೂರು ರೂಪಾಯಿ ಕೊಟ್ಟರೆ ಮುಗಿಯಿತು. ನಮ್ಮ ಸಂಗಾತಿಗಳಲ್ಲೇ ಕೆಲವರು ಇದನ್ನೊಂದು ಪ್ರತಿಭಟನೆಯೆಂಬಂತೆ ಹೇಳಿಕೊಳ್ಳುವುದುಂಟು: ಸಾಹುಕಾರ ಕಂಪನಿಗೆ ದುಡ್ಡು ಕೊಡಲಿಲ್ಲ, ಗೆದ್ದೆವು ಎಂದು. ಯಾರು ಗೆದ್ದದ್ದು? 1998ರಲ್ಲಿ ಬಿಲ್ ಗೇಟ್ಸ್ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಮಾತಾಡುತ್ತ, ಚೀನದ ಜನ ತಂತ್ರಾಂಶಕ್ಕೆ ದುಡ್ಡು ಕೊಡುವುದಿಲ್ಲ, ಹೇಗೂ ಕದಿಯುವುದಾದರೆ ನಮ್ಮದನ್ನೇ ಕದಿಯಲಿ, ಚಟ ಹತ್ತುತ್ತದೆ, ಮುಂದಿನ ದಶಕದಲ್ಲಿ ವಸೂಲಿಯ ದಾರಿ ಕಂಡುಕೊಳ್ಳುತ್ತೇವೆ ಎಂಬರ್ಥದ ಮಾತನ್ನು ಬಹಿರಂಗವಾಗಿ ಆಡಿದರು. ಕಳ್ಳ ಪ್ರತಿ ಹಾಕಿಸಿಕೊಂಡವನು ಆ ಕಂಪನಿಗೆ ಸಂಬಳವಿಲ್ಲದ ಪ್ರಚಾರಕ. ಅದಲ್ಲದೆ, ಸಿಕ್ಕಿಬೀಳಬಾರದೆಂದು ಪೇಟೆಯವನು ಅದರ ನವೀಕರಣವನ್ನು ನಿಲ್ಲಿಸಿಯೇ ಕೊಡುತ್ತಾನೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪಿಡುಗು ಬಂದಾಗ ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳಿತಲ್ಲ, ಅದು ನುಗ್ಗಿದ್ದು ಕಡತ ಹಂಚಿಕೊಳ್ಳುವ ಬಾಗಿಲಿನ ಬಿರುಕಿನಿಂದಲೇ. ಆ ಬಿರುಕಿಗೆ ತೇಪೆ ಮಾರ್ಚಿಯಲ್ಲೇ ಬಂದಿತ್ತು. ತೇಪೆ ಹಾಕಿಸಿಕೊಳ್ಳದವರು ಸಿಕ್ಕಿಬಿದ್ದರು. ಮಾರಿದವನು ಆಗ ಫೋನು ಎತ್ತುವುದಿಲ್ಲ.

ಈ ಮಾತನ್ನು ನಾವು ಎತ್ತರದಲ್ಲಿ ಕೂತು ಹೇಳುತ್ತಿಲ್ಲ. ನಮ್ಮ ಕಚೇರಿಯಲ್ಲೂ ಬಹಳ ಕಾಲ ಕಳ್ಳ ಪ್ರತಿಯೇ ಇತ್ತು, ಒಂದೇ ಡಿಸ್ಕು ಇತ್ತು. ಒಂದು ಬೆಳಿಗ್ಗೆ ಅದು ಟಕ್ ಟಕ್ ಎಂದು ಸದ್ದು ಮಾಡಿ ಕೈಕೊಟ್ಟಿತು. ಚಂದಾದಾರರ ಪಟ್ಟಿಯೂ ಎರಡು ವರ್ಷದ ಸಂಚಿಕೆಗಳೂ ಹೋದವು. ಚಂದಾ ಕಟ್ಟಿದ್ದೂ ಪತ್ರಿಕೆ ಬರಲಿಲ್ಲವೆಂದು ಬಂದು ಬೈದವರ ಮುಂದೆ ಕೈಕಟ್ಟಿ ನಿಂತದ್ದು ನಮಗೆ ಮರೆತಿಲ್ಲ. ಡಿಸ್ಕು ಸಾಯುವುದಕ್ಕೆ ವಿಂಡೋಸನ್ನು ದೂರುವುದು ತಪ್ಪು; ಯಾವ ಮೇಸ್ತ್ರಿಯಿದ್ದರೂ ಡಿಸ್ಕು ಸಾಯುತ್ತದೆ. ನಾವು ಪ್ರತಿ ಇಟ್ಟಿರಲಿಲ್ಲ, ಅಷ್ಟೆ.

ಹಾಗಾದರೆ ಏನು ಹಾಕಿಸಬೇಕು? ಡೆಬಿಯನ್ ಹಾಕಿಸಿ, ಅದರ ಮೇಲೆ ಸಾಂಬಾ ಹಾಕಿಸಿ. ಇದು ನಮ್ಮ ಖಚಿತ ಅಭಿಪ್ರಾಯ.

ಡೆಬಿಯನ್ ಎಂಬುದು 1993ರಲ್ಲಿ ಇಯಾನ್ ಮರ್ಡಾಕ್ ಎಂಬ ಯುವಕ ಆರಂಭಿಸಿದ ಲಿನಕ್ಸ್ ವ್ಯವಸ್ಥೆ. ಅದಕ್ಕೆ ಯಜಮಾನ ಕಂಪನಿಯಿಲ್ಲ. ಜಗತ್ತಿನ ಬೇರೆ ಬೇರೆ ದೇಶಗಳ ಸುಮಾರು ಸಾವಿರ ಮಂದಿ ಸ್ವಯಂಸೇವಕರು ಸೇರಿ ಅದನ್ನು ಕಟ್ಟುತ್ತಾರೆ. ಬಳಸುವ ಜನರಿಗೆ ತಾವು ಕೊಟ್ಟ ಮಾತನ್ನು 1997ರಲ್ಲಿ ಸಾಮಾಜಿಕ ಒಡಂಬಡಿಕೆ ಎಂಬ ಹೆಸರಿನಲ್ಲಿ ಬರೆದಿಟ್ಟರು. ಅವರಿಗೊಂದು ಲಿಖಿತ ಸಂವಿಧಾನವಿದೆ, ಮುಖಂಡನನ್ನು ವರ್ಷಕ್ಕೊಮ್ಮೆ ಮತ ಹಾಕಿ ಆರಿಸುತ್ತಾರೆ. ನಮ್ಮ ಎಷ್ಟು ಯೂನಿಯನ್ನುಗಳಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಚುನಾವಣೆ ನಡೆಯುತ್ತದೆ ಎಂದು ನಾವು ಇಲ್ಲಿ ಕೇಳುವುದಿಲ್ಲ. ಅದರ ಹದಿಮೂರನೆಯ ಆವೃತ್ತಿ 2025ರ ಆಗಸ್ಟ್‌ನಲ್ಲಿ ಹೊರಬಂತು. ಆವೃತ್ತಿಯೊಂದಕ್ಕೆ ಸುಮಾರು ಐದು ವರ್ಷ ಆರೈಕೆ ಇರುತ್ತದೆ, ಆಮೇಲೆ ಮುಂದಿನದಕ್ಕೆ ಏರುವುದಕ್ಕೂ ಕಾಸಿಲ್ಲ.

ಸಾಂಬಾದ ಕಥೆಯನ್ನು ವಿವರವಾಗಿ ಹೇಳಬೇಕು, ಏಕೆಂದರೆ ಮನೆಯ ಫೈಲ್ ಸರ್ವರಿನ ಜೀವಾಳವೇ ಅದು. ವಿಂಡೋಸ್ ಯಂತ್ರಗಳು ಕಡತ ಹಂಚಿಕೊಳ್ಳುವಾಗ ತಮ್ಮತಮ್ಮಲ್ಲಿ ಒಂದು ಭಾಷೆಯಾಡುತ್ತವೆ. 1991-92ರ ಸುಮಾರಿಗೆ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಎಂಬ ವಿದ್ಯಾರ್ಥಿ ತಂತಿಯ ಮೇಲೆ ಹಾಯುವ ಆ ಮಾತಿಗೆ ಕಿವಿಗೊಟ್ಟು, ಯಾರ ವ್ಯಾಕರಣ ಪುಸ್ತಕವೂ ಇಲ್ಲದೆ ತಾನೇ ಭಾಷೆ ಕಲಿತು, ಅದನ್ನಾಡುವ ತಂತ್ರಾಂಶ ಬರೆದು ಎಲ್ಲರಿಗೂ ಹಂಚಿದ. ಅದೇ ಸಾಂಬಾ. ಅದಿದ್ದರೆ ಲಿನಕ್ಸ್ ಯಂತ್ರವೂ ವಿಂಡೋಸ್ ಕಂಪ್ಯೂಟರಿನ ಕಣ್ಣಿಗೆ ಪಕ್ಕದ ಮನೆಯವನಂತೆ ಕಾಣುತ್ತದೆ. ಮೈಕ್ರೋಸಾಫ್ಟ್ ತನ್ನ ಭಾಷೆಯ ವ್ಯಾಕರಣವನ್ನು ಬಚ್ಚಿಟ್ಟುಕೊಂಡೇ ಬಂದಿತು. 2004ರಲ್ಲಿ ಯೂರೋಪಿನ ಆಯೋಗ ಈ ಬಚ್ಚಿಡುವಿಕೆ ಮುಂತಾದ ತಪ್ಪುಗಳಿಗಾಗಿ 49 ಕೋಟಿ 70 ಲಕ್ಷ ಯೂರೋ ದಂಡ ಹಾಕಿತು. ಕಂಪನಿ ನ್ಯಾಯಾಲಯಕ್ಕೆ ಹೋಯಿತು, 2007ರ ಸೆಪ್ಟೆಂಬರ್‌ನಲ್ಲಿ ಸೋತಿತು. ಆ ವರ್ಷದ ಡಿಸೆಂಬರ್‌ನಲ್ಲಿ ಸಾಂಬಾದವರು ಹತ್ತು ಸಾವಿರ ಯೂರೋ ಕಟ್ಟಿ ಆ ದಾಖಲೆಗಳನ್ನು ಪಡೆದರು. ಹದಿನೈದು ವರ್ಷ ಕದ್ದು ಕೇಳಿ ಕಲಿತದ್ದನ್ನು ಕಾನೂನು ಕೊನೆಗೂ ಮೇಜಿನ ಮೇಲೆ ಇಡಿಸಿತು. ಬಂಡವಾಳದ ಗೋಡೆ ತಾನಾಗಿ ಬೀಳುವುದಿಲ್ಲ. ಒಳಗಿನಿಂದ ಒಬ್ಬ ಕಿವಿಗೊಟ್ಟು ಕೂರಬೇಕು, ಹೊರಗಿನಿಂದ ಸರ್ಕಾರವೂ ನ್ಯಾಯಾಲಯವೂ ತಳ್ಳಬೇಕು.

ಸಾಂಬಾದಲ್ಲಿ ಬಿರುಕುಗಳೇ ಇಲ್ಲವೆಂದು ನಾವು ಹೇಳುವುದಿಲ್ಲ. ವನ್ನಾಕ್ರೈ ಬಂದ ಅದೇ ತಿಂಗಳು ಸಾಂಬಾದಲ್ಲೂ ಏಳು ವರ್ಷ ಯಾರ ಕಣ್ಣಿಗೂ ಬೀಳದಿದ್ದ ಒಂದು ದೊಡ್ಡ ಬಿರುಕು ಬಯಲಾಯಿತು. ತೇಪೆಯೂ ಜೊತೆಯಲ್ಲೇ ಬಂತು. ವ್ಯತ್ಯಾಸವಿಷ್ಟೆ: ಇಲ್ಲಿ ತೇಪೆಗೆ ಬಾಡಿಗೆಯಿಲ್ಲ, ಹೆದರಿಕೆಯಿಲ್ಲ, ತಾನಾಗಿ ಹಾಕಿಕೊಳ್ಳುವಂತೆ ಒಮ್ಮೆ ಏರ್ಪಾಡು ಮಾಡಿಟ್ಟರೆ ಆಯಿತು.

"ಬಿಟ್ಟಿ ಸಿಕ್ಕಿದ್ದಕ್ಕೆ ಭರವಸೆಯೇನು?" ಎಂದು ವ್ಯಾಪಾರಿ ಮಿತ್ರರು ಕೇಳುತ್ತಾರೆ. ಗೂಗಲ್ಲಿನ ಬಿಟ್ಟಿಯನ್ನು ಕಂಡ ಮೇಲೆ ಈ ಪ್ರಶ್ನೆ ನ್ಯಾಯವಾದದ್ದೇ. ಎರಡಕ್ಕೂ ಇರುವ ಅಂತರ ಹಳ್ಳಿಯಿಂದ ಬಂದವರಿಗೆ ತಿಳಿಯುತ್ತದೆ. ಸಾಹುಕಾರ ತನ್ನ ಹೊಲದಲ್ಲಿ ದನ ಮೇಯಿಸಿಕೋ ಎನ್ನುವುದು ಒಂದು. ಊರಿನ ಗೋಮಾಳದಲ್ಲಿ ಮೇಯಿಸುವುದು ಇನ್ನೊಂದು. ಗೋಮಾಳಕ್ಕೂ ಒತ್ತುವರಿದಾರರು ಬರುತ್ತಾರೆ. ಸೆಂಟ್‌ಓಎಸ್ ಎಂಬ ಲಿನಕ್ಸ್ ವ್ಯವಸ್ಥೆ ರೆಡ್ ಹ್ಯಾಟ್ ಕಂಪನಿಯ ಕೈಯಲ್ಲಿತ್ತು, ಆ ಕಂಪನಿಯನ್ನು 2019ರಲ್ಲಿ ಐಬಿಎಂ ನುಂಗಿತು. ಸೆಂಟ್‌ಓಎಸ್ 8ನ್ನು 2029ರವರೆಗೆ ನೋಡಿಕೊಳ್ಳುತ್ತೇವೆಂದಿದ್ದವರು 2020ರ ಡಿಸೆಂಬರ್‌ನಲ್ಲಿ ಮಾತು ಮುರಿದು, 2021ರ ಕೊನೆಗೇ ಮುಗಿಸುತ್ತೇವೆಂದರು. ಕೋಡ್ ಬಯಲಲ್ಲಿದ್ದುದರಿಂದ ಬೇರೆಯವರು ಅದನ್ನೆತ್ತಿಕೊಂಡು 2021ರಲ್ಲೇ ಆಲ್ಮಾ, ರಾಕಿ ಎಂಬ ಹೊಸ ಹೆಸರುಗಳಲ್ಲಿ ನಡೆಸಿದರು. ಸನ್ ಕಂಪನಿಯ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಗೂ ಇದೇ ಗತಿ: 2005ರಲ್ಲಿ ಬಯಲಿಗಿಟ್ಟದ್ದಕ್ಕೆ, ಸನ್ನನ್ನು ಕೊಂಡ ಒರಾಕಲ್ 2010ರಲ್ಲಿ ಬೇಲಿ ಹಾಕಿತು. ಅಷ್ಟರಲ್ಲಿ ಹೊರಗಿದ್ದದ್ದು ಹೊರಗೇ ಬೆಳೆಯಿತು. ಹೀಗಿರುವಲ್ಲಿ ಸ್ವತಂತ್ರ ತಂತ್ರಾಂಶವೆಂಬ ಹೆಸರಷ್ಟೇ ಸಾಲದು, ಹಿಂದೆ ನಿಂತವರು ಯಾರೆಂದು ನೋಡಬೇಕು. ಡೆಬಿಯನ್ನನ್ನು ನಾವು ಆರಿಸಿದ್ದು ಅದಕ್ಕೇ.

ಪೆಟ್ಟಿಗೆಯಲ್ಲೇ ಎಲ್ಲವನ್ನೂ ತುಂಬಿ ಮಾರುವ ಸಿದ್ಧ ಸರ್ವರುಗಳಿವೆ. ಅನುಕೂಲವೇನೋ ಹೌದು. ಸಿನಾಲಜಿ ಕಂಪನಿ 2025ರಲ್ಲಿ ತನ್ನ ಕೆಲವು ಹೊಸ ಪೆಟ್ಟಿಗೆಗಳಿಗೆ ತಾನು ಒಪ್ಪಿದ ಡಿಸ್ಕುಗಳನ್ನೇ ಹಾಕಬೇಕೆಂದು ಕಟ್ಟಪ್ಪಣೆ ಮಾಡಿತು. ಗಿರಾಕಿಗಳು ಕೂಗೆಬ್ಬಿಸಿದ ಮೇಲೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಹಿಂದೆ ಸರಿಯಿತು. ಕೂಗಿದ್ದರಿಂದ ಸರಿಯಿತು ಎಂಬುದನ್ನು ಗಮನಿಸಿ.

ಕಪ್ಪು ಪರದೆಯಲ್ಲಿ ಆಜ್ಞೆ ಟೈಪು ಮಾಡಬೇಕಲ್ಲ ಎಂಬ ಅಂಜಿಕೆ ಉಳಿದಿದೆ. ಮೊದಲ ದಿನ ಮಗ್ಗದ ಮುಂದೆಯೂ ಅಂಜಿಕೆಯಾಗಿತ್ತು. ಆದರೂ ಬೇಡವೆನ್ನುವವರಿಗೆ ಓಪನ್‌ಮೀಡಿಯಾವಾಲ್ಟ್ ಎಂಬುದಿದೆ. ಒಳಗೆ ಡೆಬಿಯನ್ನೇ, ಮೇಲೆ ಗುಂಡಿ ಒತ್ತಿ ನಡೆಸುವ ಮುಖ. ಪಕ್ಕದ ಕೋಣೆಯ ಫೋನಿನಿಂದಲೂ ನಡೆಸಬಹುದು. ಟ್ರೂನ್ಯಾಸ್ ಎಂಬುದನ್ನು ಬಹಳ ಮಂದಿ ಹೊಗಳುತ್ತಾರೆ, ನಾವೂ ಹಳಿಯುವುದಿಲ್ಲ. ಅದು ನಂಬಿರುವುದು ಮೇಲೆ ಹೇಳಿದ ಝಡ್‌ಎಫ್‌ಎಸ್ಸನ್ನು. ಡಿಸ್ಕಿನಲ್ಲಿ ಸದ್ದಿಲ್ಲದೆ ಕೆಟ್ಟ ಅಕ್ಷರವನ್ನೂ ಅದು ಪತ್ತೆ ಹಚ್ಚುತ್ತದೆ. ಆದರೆ ಕಡಿಮೆಯೆಂದರೂ 8 ಜಿಬಿ ಮೆಮೊರಿ ಕೇಳುತ್ತದೆ, ಕಡತಕ್ಕೊಂದು, ತನಗೊಂದು ಬೇರೆ ಡಿಸ್ಕು ಕೇಳುತ್ತದೆ. ನಮ್ಮ ಓದುಗರ ಮನೆಯ ಹಳೆಯ ಯಂತ್ರಕ್ಕೆ ಅದು ಹೊರೆ. ಡೆಬಿಯನ್ ಆದರೆ ಚಿತ್ರದ ಪರದೆಯಿಲ್ಲದೆ 2 ಜಿಬಿಯಲ್ಲೂ ಈ ಕೆಲಸ ಮಾಡುತ್ತದೆ, 4 ಇದ್ದರೆ ಧಾರಾಳ. 32 ಬಿಟ್‌ನ ತೀರಾ ಹಳೆಯ ಯಂತ್ರಗಳನ್ನು ಮಾತ್ರ ಹದಿಮೂರನೆಯ ಆವೃತ್ತಿ ಕೈಬಿಟ್ಟಿದೆ. ಇದು ನಮಗೆ ಹಿಡಿಸಿಲ್ಲ.

ಅಂಗಡಿಯ ಲೆಕ್ಕಕ್ಕೆ ಟ್ಯಾಲಿ ಬೇಕು, ಅದಕ್ಕೆ ವಿಂಡೋಸ್ ಬೇಕು ಎನ್ನುವವರು ಆ ಕಂಪ್ಯೂಟರನ್ನು ಇದ್ದಂತೆಯೇ ಇಟ್ಟುಕೊಳ್ಳಲಿ. ಮಾತು ಇರುವುದು ಮೂಲೆಯ ಯಂತ್ರದ್ದು. ಟ್ಯಾಲಿಯ ದಿನದ ಪ್ರತಿ ರಾತ್ರಿ ಈ ಯಂತ್ರಕ್ಕೆ ಬಂದು ಬೀಳಲಿ. ಜಿ.ಎಸ್.ಟಿ. ಕಾನೂನಿನಂತೆ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕಾದ ಹೊಣೆ ವ್ಯಾಪಾರಿಯದು. ಆರು ವರ್ಷದ ಮೇಲೆ ಬಂದು ಕೇಳುವ ಅಧಿಕಾರಿಗೆ "ಕಂಪನಿ ಆರೈಕೆ ನಿಲ್ಲಿಸಿತು ಸ್ವಾಮಿ" ಎಂದರೆ ನಡೆಯದು.

ಕರೆಂಟಿನ ಲೆಕ್ಕವನ್ನೂ ಮಾಡಿ. 50 ವ್ಯಾಟ್ ಎಳೆಯುವ ಹಳೆಯ ಡೆಸ್ಕ್‌ಟಾಪು ಹಗಲೂ ರಾತ್ರಿ ಇದ್ದರೆ ತಿಂಗಳಿಗೆ 36 ಯೂನಿಟ್. 12 ವ್ಯಾಟಿನ ಹಳೆಯ ಲ್ಯಾಪ್‌ಟಾಪು ಆದರೆ 9 ಯೂನಿಟ್ಟೂ ಆಗದು, ಮೇಲಾಗಿ ಕರೆಂಟು ಹೋದಾಗ ಅದರ ಬ್ಯಾಟರಿಯೇ ಕಾಯುತ್ತದೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ತೆಗೆದುಹಾಕಿ, ಬೆಂಕಿಯೊಡನೆ ಸರಸ ಬೇಡ. ಡೆಸ್ಕ್‌ಟಾಪಿಗೆ ಒಂದು ಸಣ್ಣ ಯುಪಿಎಸ್ ಇರಲೇಬೇಕು. ಡಿಸ್ಕಿಗೆ ಇಎಕ್ಸ್‌ಟಿ4 ಸಾಕು. ಈ ಯಂತ್ರವನ್ನು ಇಂಟರ್‌ನೆಟ್ಟಿಗೆ ತೆರೆದಿಡಬೇಡಿ, ಮನೆಯ ವೈಫೈ ಒಳಗೇ ಇರಲಿ. ಕೂರಿಸಿಕೊಡಲು ಬಂದ ಹುಡುಗ ನಿಮಗೆ ಗೊತ್ತಿಲ್ಲದ ಪಾಸ್‌ವರ್ಡ್ ಇಟ್ಟು ಹೋಗದಂತೆಯೂ ನೋಡಿಕೊಳ್ಳಿ. ಅವನು ಎಷ್ಟು ಒಳ್ಳೆಯವನಾದರೂ ಸರಿ, ಪಾಸ್‌ವರ್ಡ್ ಅವನ ಬಳಿ ಉಳಿದರೆ ಮತ್ತೆ ಪರರ ಮೇಸ್ತ್ರಿಯೇ ಆಯಿತು.

ಎರಡು ಡಿಸ್ಕುಗಳನ್ನು ಜೋಡಿ ಕಟ್ಟಿ ಒಂದರ ನೆರಳಿನಂತೆ ಇನ್ನೊಂದನ್ನು ಓಡಿಸುವುದನ್ನು ಕೆಲವರು ಪ್ರತಿಯೆಂದು ತಿಳಿಯುತ್ತಾರೆ. ನೀವು ತಪ್ಪಿ ಅಳಿಸಿದ್ದು ಅದರಲ್ಲೂ ಆ ಕ್ಷಣವೇ ಅಳಿಯುತ್ತದೆ, ಸಿಡಿಲು ಬಡಿದರೆ ಎರಡಕ್ಕೂ ಬಡಿಯುತ್ತದೆ. ಆದುದರಿಂದ ಎರಡನೆಯ ಡಿಸ್ಕನ್ನು ಕಳಚಿ ಇಡುವಂತೆ ಹೊರಗಿನದಾಗಿ ಕೊಳ್ಳಿ. ವಾರಕ್ಕೊಮ್ಮೆ ಸಿಕ್ಕಿಸಿ, ಆರ್‌ಸಿಂಕ್ ಎಂಬ ಆಜ್ಞೆಯಿಂದ ಹೊಸದಾದದ್ದನ್ನಷ್ಟೇ ನಕಲು ಮಾಡಿ, ಕಳಚಿ ಬೇರೆ ಮನೆಯಲ್ಲಿಡಿ. ನಮ್ಮ ಜವಳಿ ಮಿತ್ರರೂ ನೂಲು ಖಾತೆಯ ಬಂಧುಗಳೂ ಈಗ ಈ ಏರ್ಪಾಡಿಗೆ ಒಪ್ಪಿದ್ದಾರೆ: ಇವರ ಡಿಸ್ಕು ಅವರ ಬೀರುವಿನಲ್ಲಿ, ಅವರದು ಇವರ ಟ್ರಂಕಿನಲ್ಲಿ. ಎರಡಕ್ಕೂ ಲಕ್ಸ್ ಎಂಬ ಬೀಗ ಹಾಕಿದೆ, ಬೀಗದ ಮಾತು ಅವರವರ ಮನೆಯವರಿಗಷ್ಟೇ ಗೊತ್ತು. ಹಳೆಯ ಯಂತ್ರವಿದ್ದವರು ಭಾನುವಾರ ಬೆಳಿಗ್ಗೆ ನಮ್ಮ ಕಚೇರಿಗೆ ತರಬಹುದು. ಡೆಬಿಯನ್ ತುಂಬಿದ ಪೆನ್‌ಡ್ರೈವು ಇಲ್ಲಿದೆ, ಹಾಕಲು ಒಂದು ಗಂಟೆ ಹಿಡಿಯುತ್ತದೆ. ಅದರಲ್ಲಿರುವ ಹಳೆಯ ಕಡತಗಳನ್ನು ಮೊದಲೇ ಬೇರೆಡೆ ನಕಲು ಮಾಡಿಕೊಂಡು ಬನ್ನಿ. ಇಲ್ಲಿ ಬಂದ ಮೇಲೆ ಡಿಸ್ಕನ್ನು ಒರೆಸಿಬಿಡುತ್ತೇವೆ.